ಉಪನಗರದ ಹಿರಿಯ ಚಾಲಕರು ಕಾರಿನ ವಿಮೆಯಲ್ಲಿ ಹಣ ಉಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ಅಲ್ಲಿಂದೀಚೆಗೆ ನಮ್ಮ ಕೆಂಗೇರಿ ಉಪನಗರದ ನಿವೃತ್ತರ ಕಾರುಗಳು ಗೇಟಿನೊಳಗೆ ಹೊದಿಕೆ ಹೊದ್ದು ನಿಲ್ಲುವ ದಿನಗಳೇ ಹೆಚ್ಚಾಗಿವೆ. ಬ್ಯಾಂಕಿಗೆ, ಮದುವೆ ಮನೆಗೆ, ಮೊಮ್ಮಕ್ಕಳ ಶಾಲೆಯ ಕಾರ್ಯಕ್ರಮಕ್ಕೆ ಮೆಟ್ರೊ ಹಿಡಿಯುವ ಇವರು ಕಾರನ್ನು ಹೊರತೆಗೆಯುವುದು ಆಸ್ಪತ್ರೆಗೋ ಊರಿಗೋ ಹೋಗಬೇಕಾದಾಗ ಮಾತ್ರ. ಆದರೂ ವಿಮೆಯ ನವೀಕರಣ ಬಂದಾಗ, ದಿನವೂ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವ ಇಂಜಿನಿಯರ್ ಕಟ್ಟುವಷ್ಟೇ ಪ್ರೀಮಿಯಂ ಕಟ್ಟಿ ಸುಮ್ಮನಾಗುತ್ತಾರೆ. ಅದನ್ನು ಕಡಿಮೆ ಮಾಡಿಕೊಳ್ಳುವ ದಾರಿಗಳು ಪಾಲಿಸಿಯ ಕಾಗದದಲ್ಲೇ ಇವೆ.

ಮೊದಲೇ ಒಂದು ತಪ್ಪು ನಿರೀಕ್ಷೆಯನ್ನು ಬಿಟ್ಟುಬಿಡಬೇಕು. ರೈಲಿನಲ್ಲಿ ಒಂದು ಕಾಲಕ್ಕೆ ಇದ್ದಂತೆ, ಬ್ಯಾಂಕ್ ಠೇವಣಿಯಲ್ಲಿ ಈಗಲೂ ಇರುವಂತೆ, ಕಾರಿನ ವಿಮೆಯಲ್ಲಿ ಹಿರಿಯ ನಾಗರಿಕರಿಗೆ ನಿಗದಿಯಾದ ರಿಯಾಯಿತಿ ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿರುವ ಮಕ್ಕಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಲೇಖನಗಳು ಅಲ್ಲಿನ ಪದ್ಧತಿಯನ್ನು ಹೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 55 ದಾಟಿದವರು ಮಾನ್ಯತೆ ಪಡೆದ ಚಾಲನಾ ತರಬೇತಿ ಮುಗಿಸಿದರೆ ಪ್ರೀಮಿಯಂ ಇಳಿಯುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಯಾವ ವಯಸ್ಸಿನವರೇ ಆಗಲಿ ಅಂಥ ತರಬೇತಿ ಪಡೆದರೆ ಮೂರು ವರ್ಷ ಶೇ 10ರಷ್ಟು ಕಡಿತ ಸಿಗುತ್ತದೆ. ಮಕ್ಕಳ ಜೊತೆ ಅಲ್ಲೇ ನೆಲೆಸಿ ಕಾರು ಓಡಿಸುವ ಕನ್ನಡಿಗರಿಗೆ ಅದು ಉಪಯೋಗಕ್ಕೆ ಬಂದೀತು. ನಮ್ಮಲ್ಲಿ ಪ್ರೀಮಿಯಂ ನಿಂತಿರುವುದು ಮುಖ್ಯವಾಗಿ ವಾಹನದ ಮೇಲೆ. ಕೆಲವು ಕಂಪನಿಗಳು ಮಾಲೀಕರ ವಯಸ್ಸು ಮತ್ತು ವೃತ್ತಿಯನ್ನು ನೋಡಿ ತಾವಾಗಿಯೇ ಒಂದಿಷ್ಟು ಬಿಡುವುದುಂಟು, ಆದ್ದರಿಂದ ಕೇಳುವುದರಲ್ಲಿ ತಪ್ಪಿಲ್ಲ. ಅದನ್ನೇ ನಂಬಿ ಕೂರುವಂತಿಲ್ಲ. ಹಿರಿಯರಿಗೆ ನಿಜವಾದ ಲಾಭ ಬರುವುದು ಕಡಿಮೆ ಓಡಾಟದಿಂದ, ವರ್ಷಗಟ್ಟಲೆ ಕ್ಲೇಮ್ ಮಾಡದ ದಾಖಲೆಯಿಂದ ಮತ್ತು ಬೇಡದ್ದನ್ನು ತೆಗೆಸುವ ಎಚ್ಚರದಿಂದ.

ಹೆಜ್ಜೆ 1: ಹಳೆಯ ಪಾಲಿಸಿಯನ್ನು ಎರಡು ಭಾಗ ಮಾಡಿ ಓದಿ

ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಲೆಕ್ಕ ಎರಡು ಕಾಲಂಗಳಲ್ಲಿರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಇತರರಿಗೆ ಆಗುವ ಸಾವು, ಗಾಯ, ನಷ್ಟಕ್ಕೆ ಪರಿಹಾರ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಇದು ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವಿದೆ, ಜೈಲಿಗೂ ಅವಕಾಶವಿದೆ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897. ಯಾವ ಕಂಪನಿಗೆ ಹೋದರೂ ಇದು ಒಂದೇ. ಇಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ.

ಇನ್ನೊಂದು ಕಾಲಂ 'ಓನ್ ಡ್ಯಾಮೇಜ್', ಏಜೆಂಟರ ಬಾಯಲ್ಲಿ 'ಓಡಿ'. ನಮ್ಮ ಕಾರಿಗೇ ಆಗುವ ಹಾನಿ, ಕಳವು, ಬೆಂಕಿ, ಪ್ರವಾಹಕ್ಕೆ ಸಂಬಂಧಿಸಿದ ಭಾಗವಿದು. 2007ರ ಜನವರಿಯಿಂದ ಇದರ ದರ ಕಂಪನಿಗಳ ಕೈಗೆ ಹೋಗಿದೆ. ಉಳಿಸಬಹುದಾದ ಹಣವೆಲ್ಲ ಇರುವುದು ಈ ಕಾಲಂನಲ್ಲಿ. ಒಟ್ಟು ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೀಳುವುದರಿಂದ ಇಲ್ಲಿ ನೂರು ರೂಪಾಯಿ ಇಳಿಸಿದರೆ ಜೇಬಿನಲ್ಲಿ ಉಳಿಯುವುದು 118.

ನನ್ನ ಕಾರಿನ ಲೆಕ್ಕವನ್ನೇ ಉದಾಹರಣೆಯಾಗಿ ಇಡುತ್ತೇನೆ. 2019ರಲ್ಲಿ ನೋಂದಣಿಯಾದ 1197 ಸಿಸಿ ಪೆಟ್ರೋಲ್ ಕಾರು, ಪಾಲಿಸಿಯಲ್ಲಿ ನಮೂದಾದ ಮೌಲ್ಯ, ಅಂದರೆ ಐಡಿವಿ, 4 ಲಕ್ಷ ರೂಪಾಯಿ. ಹಳೆಯ ಸುಂಕಪಟ್ಟಿಯ (2007ಕ್ಕೆ ಮೊದಲು ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ದರಪಟ್ಟಿ) ಪ್ರಕಾರ ಐದರಿಂದ ಹತ್ತು ವರ್ಷದ ಇಂಥ ಕಾರಿಗೆ ಬೆಂಗಳೂರಿನಲ್ಲಿ ಶೇ 3.447, ಅಂದರೆ 13,788 ರೂಪಾಯಿ. ಕಂಪನಿ ಅದರಲ್ಲಿ ಅರ್ಧ ಬಿಟ್ಟಿತು: 6,894. ಐದು ವರ್ಷ ಕ್ಲೇಮ್ ಮಾಡದ ಬೋನಸ್ ಶೇ 50 ಸೇರಿದಾಗ ಅದು 3,447ಕ್ಕೆ ಇಳಿಯಿತು. ಥರ್ಡ್ ಪಾರ್ಟಿ 3,416 ಕೂಡಿಸಿ, ಜಿಎಸ್‌ಟಿ ಹಾಕಿದರೆ ಸುಮಾರು 8,100. ಕಂಪನಿ ಬಿಡುವ ಪ್ರಮಾಣ ಒಂದೊಂದು ಕಡೆ ಒಂದೊಂದು ತರಹ ಇರುತ್ತದೆ, ಲೆಕ್ಕದ ಕ್ರಮ ಮಾತ್ರ ಎಲ್ಲ ಕಡೆಯೂ ಇದೇ. ನಿಮ್ಮ ಪಾಲಿಸಿಯಲ್ಲೂ ಈ ಅಂಕಿಗಳನ್ನು ಗುರುತಿಸಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಮುಂದಿನ ಹೆಜ್ಜೆಗಳಿಗೆ ಅವು ಬೇಕು.

ಹೆಜ್ಜೆ 2: ನೋ ಕ್ಲೇಮ್ ಬೋನಸ್ಸನ್ನು ಕಾಪಾಡಿಕೊಳ್ಳಿ

ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ ಅನ್ವಯ. ಒಂದೇ ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣಕ್ಕೆ ಬೋನಸ್ ಸೊನ್ನೆಗೆ ಬಂದು, ಮತ್ತೆ ಕೆಳಗಿನ ಮೆಟ್ಟಿಲಿನಿಂದ ಏರಬೇಕಾಗುತ್ತದೆ.

ಈ ಪಾಠವನ್ನು ನಾನು ಹಿಂದಿನ ಕಾರಿನಲ್ಲಿ ದುಡ್ಡು ಕೊಟ್ಟು ಕಲಿತವನು. ಮನೆಯ ಗೇಟಿನೊಳಗೆ ಹಿಮ್ಮುಖವಾಗಿ ಬರುವಾಗ ಹಿಂದಿನ ಬಂಪರ್ ಕಂಬಕ್ಕೆ ತಗುಲಿ ಸೀಳಿತು. ಸರ್ವಿಸ್ ಸೆಂಟರಿನ ಹುಡುಗ "ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಹಾಕೋಣ" ಎಂದ, ನಾನು ಸಹಿ ಹಾಕಿದೆ. ಆ ಬಗೆಯ ಬಿಲ್ಲನ್ನು ಈಗಿನ ಕಾರಿನ ಅಂಕಿಗಳಿಗೆ ಹೊಂದಿಸಿ ಬಿಡಿಸಿ ನೋಡೋಣ. ಬಂಪರ್ 3,600, ಪೇಂಟಿಂಗ್ 2,400, ಕೂಲಿ 800, ಒಟ್ಟು 6,800 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ, ಅಂದರೆ ಬಳಕೆಯಿಂದ ಬೆಲೆ ಇಳಿದದ್ದಕ್ಕೆ ಶೇ 50, 1,800 ಕಡಿತ. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿಯೆಂದು ಪರಿಗಣಿಸಿ ಅದರಲ್ಲಿ ಅರ್ಧ, 300 ಕಡಿತ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದದ್ದು 1,000. ಕಂಪನಿಯಿಂದ ಕೈಗೆ ಬರುವುದು 3,700.

ಕಳೆದುಕೊಳ್ಳುವುದೆಷ್ಟು? ಮೊದಲ ವರ್ಷ ಶೇ 50 ಹೋಯಿತು. ಎರಡನೆಯ ವರ್ಷ 50ರ ಬದಲು 20 ಸಿಗುವುದರಿಂದ 30 ಹೋಯಿತು. ಹೀಗೆಯೇ ಮುಂದೆ 25, 15, 5. ಕೂಡಿಸಿದರೆ ಶೇ 125. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 6,894 ಆಗಿದ್ದರೆ ಅದರ ಒಂದೂಕಾಲು ಪಟ್ಟು 8,617, ಜಿಎಸ್‌ಟಿ ಸೇರಿ ಹತ್ತು ಸಾವಿರದ ಮೇಲೆ. ಕಾರಿನ ಮೌಲ್ಯ ವರ್ಷವರ್ಷವೂ ಇಳಿಯುವುದರಿಂದ ನಿಜವಾದ ನಷ್ಟ ಸ್ವಲ್ಪ ಕಡಿಮೆ ಇರಬಹುದು, ಆದರೂ 3,700ಕ್ಕೆ ಕೈಯೊಡ್ಡಿ ಅದರ ಎರಡು ಪಟ್ಟಿಗಿಂತ ಹೆಚ್ಚು ಬಿಟ್ಟುಕೊಟ್ಟಂತಾಯಿತು. ಶೇ 50ರ ಬೋನಸ್ ಇರುವವರು ಇದೊಂದು ಸೂತ್ರವನ್ನು ಬರೆದಿಟ್ಟುಕೊಳ್ಳಬಹುದು: ಕಂಪನಿಯಿಂದ ಬರುವ ನಿವ್ವಳ ಮೊತ್ತ ಆ ಒಂದೂಕಾಲು ಪಟ್ಟನ್ನು ದಾಟದಿದ್ದರೆ ಕ್ಲೇಮ್ ಹಾಕಬೇಡಿ, ಪರಿಚಯದ ಟಿಂಕರಿಂಗ್ ಅಂಗಡಿಗೆ ಹೋಗಿ.

ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ದೊಡ್ಡ ಕಾರನ್ನು ಮಾರಿ ಚಿಕ್ಕದನ್ನು ಕೊಳ್ಳುವ ಹಿರಿಯರು ಹಳೆಯ ಕಂಪನಿಯಿಂದ ಬೋನಸ್ ಉಳಿಕೆಯ ಪತ್ರವನ್ನು ಕೇಳಿ ಪಡೆದರೆ, ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದು ಸಲ್ಲುತ್ತದೆ. ಹೊಸ ಕಾರಿನ ಮೊದಲ ಪ್ರೀಮಿಯಂ ದೊಡ್ಡದಾಗಿರುವುದರಿಂದ ಅಲ್ಲಿ ಶೇ 50 ಎಂದರೆ ಸಣ್ಣ ಮೊತ್ತವಲ್ಲ. ಪತಿ ತೀರಿಕೊಂಡ ನಂತರ ಕಾರು ಪತ್ನಿಯ ಅಥವಾ ಮಕ್ಕಳ ಸುಪರ್ದಿಗೆ ಬಂದರೆ ಬೋನಸ್ ಕೂಡ ಅವರಿಗೇ ಬರಬೇಕು. ದುಃಖದ ದಿನಗಳಲ್ಲಿ ಈ ಕಾಗದಗಳ ಕಡೆ ಯಾರೂ ನೋಡುವುದಿಲ್ಲ, ಪಾಲಿಸಿ ಮುಗಿದುಹೋಗುತ್ತದೆ. ಆರ್‌ಟಿಒಗೆ 30 ದಿನದೊಳಗೆ ಮರಣದ ವಿಷಯ ತಿಳಿಸಿ, ನಮೂನೆ 31ರಲ್ಲಿ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಹಾಕಿ, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸುವ ಕೆಲಸವನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಬೇಕು.

ಹೆಜ್ಜೆ 3: ಪಾಲಿಸಿಯಾಗಲಿ ಡಿಎಲ್ ಆಗಲಿ ಮುಗಿಯಲು ಬಿಡಬೇಡಿ

ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ಸೆಲ್ಲ ಹೋಗುತ್ತದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ದಂಪತಿಗಳಿಗೆ ಇದು ಪೆಟ್ಟು ಕೊಡುತ್ತದೆ. ಅವರು ಹೋದ ಎರಡನೇ ತಿಂಗಳಲ್ಲಿ ಪಾಲಿಸಿ ಮುಗಿದಿರುತ್ತದೆ, "ಕಾರು ಹೇಗೂ ನಿಂತೇ ಇದೆಯಲ್ಲ, ಬಂದ ಮೇಲೆ ಕಟ್ಟೋಣ" ಎಂದುಕೊಳ್ಳುತ್ತಾರೆ. ಬರುವಷ್ಟರಲ್ಲಿ ನಾಲ್ಕು ತಿಂಗಳಾಗಿರುತ್ತದೆ. ಕಂಪನಿಯವರು ಕಾರನ್ನು ಪರಿಶೀಲಿಸಿದ ಮೇಲೆಯೇ ಹೊಸ ಪಾಲಿಸಿ, ಅದೂ ಪೂರ್ತಿ ದರಕ್ಕೆ. ವಿಮಾನ ಹತ್ತುವ ಮೊದಲೇ ನವೀಕರಿಸಿ, ಅಥವಾ ಮುಗಿಯುವ ದಿನಾಂಕವನ್ನು ಮಗನ ಫೋನಿನಲ್ಲಿ ಹಾಕಿಸಿ ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಕಾರನ್ನು ಬಳಸದೆ ನಿಲ್ಲಿಸುವವರಿಗೆ ಮುಂಚಿತವಾಗಿ ಬರಹದಲ್ಲಿ ತಿಳಿಸಿದರೆ ರಿಯಾಯಿತಿ ಕೊಡುವ ಅವಕಾಶ ಹಳೆಯ ಸುಂಕಪಟ್ಟಿಯಲ್ಲಿತ್ತು; ನಿಮ್ಮ ಕಂಪನಿ ಈಗಲೂ ಕೊಡುವುದೇ ಎಂದು ಹೊರಡುವ ಮುನ್ನ ಮಿಂಚಂಚೆಯಲ್ಲಿ ಕೇಳಿ ನೋಡಿ.

ಡಿಎಲ್ ವಿಷಯ ಇನ್ನೂ ಗಂಭೀರ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಡಿಎಲ್ ಸಿಗುವುದು ಐದೈದು ವರ್ಷಕ್ಕೆ ಮಾತ್ರ, ಹಿಂದೆ ಇದ್ದ 30 ದಿನಗಳ ವಿನಾಯಿತಿಯೂ ಈಗಿಲ್ಲ. ಡಿಎಲ್ ಮುಗಿದ ಮಾರನೆಯ ದಿನ ಅಪಘಾತವಾದರೆ ಓನ್ ಡ್ಯಾಮೇಜ್ ಕ್ಲೇಮ್ ತಿರಸ್ಕೃತವಾಗಬಹುದು. ಥರ್ಡ್ ಪಾರ್ಟಿಗೆ ಕೊಟ್ಟ ಪರಿಹಾರವನ್ನೂ ಕಂಪನಿ ನಿಮ್ಮಿಂದ ವಸೂಲಿಗೆ ಹೊರಡಬಹುದು. ಹತ್ತು ವರ್ಷ ಪ್ರೀಮಿಯಂ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಡಿಎಲ್ ಕೆಲಸಗಳಿಗಿರುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರ ಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬಾಕಿ ಇದ್ದರೆ ಅದನ್ನು ಮುಗಿಸಿಕೊಂಡೇ ಹೋಗುವುದು ಒಳ್ಳೆಯದು.

ಹೆಜ್ಜೆ 4: ಓಡಿದಷ್ಟಕ್ಕೆ ಕಟ್ಟುವ ಪಾಲಿಸಿಯನ್ನು ಕೇಳಿ

2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಓಡಿದ ಕಿಲೋಮೀಟರಿಗೆ ತಕ್ಕಂತೆ ಓನ್ ಡ್ಯಾಮೇಜ್ ಪ್ರೀಮಿಯಂ ಪಡೆಯಲು ಕಂಪನಿಗಳಿಗೆ ಅನುಮತಿ ನೀಡಿತು. ಇದನ್ನು 'ಪೇ ಆ್ಯಸ್ ಯು ಡ್ರೈವ್' ಎನ್ನುತ್ತಾರೆ. ಉಪನಗರದ ನಿವೃತ್ತರಿಗೆ ಹೇಳಿಮಾಡಿಸಿದಂತಿರುವ ಈ ಸೌಲಭ್ಯವನ್ನು ಏಜೆಂಟರು ತಾವಾಗಿ ಹೇಳುವುದು ಅಪರೂಪ. ಪ್ರೀಮಿಯಂ ಇಳಿದರೆ ಅವರ ಕಮಿಷನ್ನೂ ಇಳಿಯುತ್ತದೆ.

ಮೊದಲು ನಿಮ್ಮ ಓಡಾಟ ಎಷ್ಟೆಂದು ಅಂದಾಜಿನ ಮೇಲೆ ಹೇಳದೆ ಕಾಗದ ನೋಡಿ ತಿಳಿದುಕೊಳ್ಳಿ. ಪ್ರತಿ ಸರ್ವಿಸ್ ಬಿಲ್ಲಿನ ಮೇಲೂ ಓಡೋಮೀಟರ್ ಅಂಕಿ ಇರುತ್ತದೆ. ಕಳೆದೆರಡು ವರ್ಷದ ಬಿಲ್ಲುಗಳ ವ್ಯತ್ಯಾಸ ತೆಗೆದರೆ ಸಾಕು. ಅದಕ್ಕೆ ಒಂದು ಧರ್ಮಸ್ಥಳದ ಪ್ರಯಾಣವನ್ನೋ, ನೆಂಟರ ಮನೆಯ ಮದುವೆಯನ್ನೋ ಸೇರಿಸಿ, ಅದಕ್ಕಿಂತ ಒಂದು ಮಜಲು ಮೇಲಿನ ಮಿತಿಯನ್ನು ಆರಿಸಿಕೊಳ್ಳಿ. ಮಿತಿ ಮೀರಿದ ಮೇಲೆ ಆಗುವ ಹಾನಿಗೆ ಕಂಪನಿ ಏನು ಕೊಡುತ್ತದೆ, ನಡುವೆ ಹಣ ಕಟ್ಟಿ ಕಿಲೋಮೀಟರ್ ಹೆಚ್ಚಿಸಿಕೊಳ್ಳಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಈ ಪಾಲಿಸಿ ಕೊಳ್ಳಬೇಡಿ. ಪಾಲಿಸಿ ಶುರುವಾದ ದಿನವೇ ಓಡೋಮೀಟರಿನ ಫೋಟೊ ತೆಗೆದಿಡಿ.

ಹೆಜ್ಜೆ 5: ಸಾಲುಸಾಲಾಗಿ ನೋಡಿ, ಬೇಡದ್ದನ್ನು ತೆಗೆಸಿ

ಹೆಚ್ಚುವರಿ ರಕ್ಷಣೆಗಳ ಪೈಕಿ ಸವಕಳಿ ಕಡಿತವನ್ನು ಮನ್ನಾ ಮಾಡುವ 'ಜೀರೊ ಡೆಪ್' ಹೊಸ ಕಾರಿಗೆ ಇರಲಿ. ಕಾರಿಗೆ ಏಳೆಂಟು ವರ್ಷವಾಗಿ, ಸಣ್ಣ ಕ್ಲೇಮ್ ಹಾಕುವುದಿಲ್ಲ ಎಂದು ನಿರ್ಧರಿಸಿದವರು ಅದಕ್ಕೆ ದುಡ್ಡು ಸುರಿಯುವುದು ನನಗೆ ಸರಿಕಾಣುವುದಿಲ್ಲ. ಕೀಲಿಕೈ ಕಳೆದರೆ ಪರಿಹಾರ, ಸಾಮಾನು ಕಳೆದರೆ ಪರಿಹಾರ ಎಂಬಂಥವನ್ನು ತೆಗೆಸಬಹುದು. ರಸ್ತೆಬದಿ ನೆರವು ಹಿರಿಯರಿಗೆ ಬೇಕೇ ಬೇಕು, ಆದರೆ ಕಾರು ತಯಾರಕರಿಂದ ಅದನ್ನು ಮೊದಲೇ ಕೊಂಡಿದ್ದರೆ ಇಲ್ಲಿ ಎರಡನೇ ಸಲ ಕಟ್ಟುತ್ತಿದ್ದೀರಿ.

ಇಂಜಿನ್ ರಕ್ಷಣೆಯನ್ನು ಮಾತ್ರ ಜಾಗ ನೋಡಿ ತೀರ್ಮಾನಿಸಿ. ಬೆಂಗಳೂರಿನ ಹೊರವಲಯದ ಎಷ್ಟೋ ಬಡಾವಣೆಗಳು ಕೆರೆಯ ಅಂಗಳದಲ್ಲೋ ರಾಜಕಾಲುವೆಯ ಪಕ್ಕದಲ್ಲೋ ಎದ್ದಿವೆ. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಜಾಮ್ ಆದರೆ, ಸಾಮಾನ್ಯ ಪಾಲಿಸಿಯಲ್ಲಿ ಆ ನಷ್ಟವನ್ನು ಕೊಡಲು ಕಂಪನಿಗಳು ಒಪ್ಪುವುದಿಲ್ಲ. ತಗ್ಗಿನಲ್ಲಿ ಮನೆ ಇದ್ದವರು ಈ ರಕ್ಷಣೆಯನ್ನು ತೆಗೆಸಬೇಡಿ. ನೆಲಮಾಳಿಗೆಯಲ್ಲಿ ನೀರು ಕಂಡರೆ ಕೀಲಿ ತಿರುಗಿಸಬೇಡಿ, ಕಾರನ್ನು ಎಳೆದೊಯ್ಯಲು ಫೋನ್ ಮಾಡಿ.

ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಪಾಲಿಸಿಯಲ್ಲಿ ಸೇರಿರುತ್ತದೆ. ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದರೆ, ಅಥವಾ ನಿಮ್ಮದೇ ಹೆಸರಿನ ಎರಡನೇ ವಾಹನದ ಜೊತೆ ಅದನ್ನು ಕೊಂಡಿದ್ದರೆ, ಘೋಷಣೆ ಕೊಟ್ಟು ಇಲ್ಲಿ ತೆಗೆಸಬಹುದು. ಕಾರು ಅಜ್ಜನ ಹೆಸರಿನಲ್ಲಿದ್ದು, ಅವರು ಚಾಲನೆ ಬಿಟ್ಟು ಡಿಎಲ್ ನವೀಕರಿಸದೆ ಇದ್ದು, ಮೊಮ್ಮಗ ಓಡಿಸುತ್ತಿದ್ದರೆ ಈ ಹಣ ಕಟ್ಟುವುದು ಪೂರ್ತಿ ವ್ಯರ್ಥ. ಡಿಎಲ್ ಇಲ್ಲದ ಮಾಲೀಕರಿಗೆ ಆ ರಕ್ಷಣೆ ಸಲ್ಲುವುದೇ ಇಲ್ಲ.

ಇದಕ್ಕೆ ವಿರುದ್ಧವಾಗಿ, ಇರಲೇಬೇಕಾದ ಒಂದು ಸಣ್ಣ ಸಾಲಿದೆ: ಸಂಬಳದ ಚಾಲಕನ ಬಗೆಗಿನ ಕಾನೂನು ಹೊಣೆ, ವರ್ಷಕ್ಕೆ 50 ರೂಪಾಯಿ. ರಾತ್ರಿ ಕಣ್ಣು ಸರಿಯಾಗಿ ಕಾಣದೆ ಡ್ರೈವರ್ ಕರೆಸುವ ರೂಢಿ ಇದ್ದವರು ಇದನ್ನು ಸೇರಿಸಿಕೊಳ್ಳಿ. ಅಂಗವೈಕಲ್ಯಕ್ಕೆ ತಕ್ಕಂತೆ ಕಾರನ್ನು ಮಾರ್ಪಡಿಸಿ ಆರ್‌ಸಿಯಲ್ಲಿ ನಮೂದಿಸಿಕೊಂಡವರಿಗೆ ಹಳೆಯ ಸುಂಕಪಟ್ಟಿ ಓನ್ ಡ್ಯಾಮೇಜ್ ಮೇಲೆ ಶೇ 50 ರಿಯಾಯಿತಿ ಇಟ್ಟಿತ್ತು, ಅದನ್ನೂ ಕೇಳಿ.

ಹೆಜ್ಜೆ 6: ಸ್ವಂತ ಪಾಲನ್ನು ಹೆಚ್ಚಿಸಿಕೊಳ್ಳಿ, ಅತಿಯಾಗಿ ಬೇಡ

ಕಡ್ಡಾಯದ ಸಾವಿರದ ಮೇಲೆ ಇನ್ನಷ್ಟನ್ನು ನಾವೇ ಭರಿಸುತ್ತೇವೆ ಎಂದರೆ ಪ್ರೀಮಿಯಂ ಇಳಿಯುತ್ತದೆ. ಹಳೆಯ ಪಟ್ಟಿಯಲ್ಲಿ 2,500 ರೂಪಾಯಿಗೆ ಶೇ 20, ಗರಿಷ್ಠ 750. 5,000ಕ್ಕೆ ಶೇ 25, ಗರಿಷ್ಠ 1,500. 15,000ಕ್ಕೆ ಶೇ 35, ಗರಿಷ್ಠ 2,500. ಸಣ್ಣ ಕ್ಲೇಮ್ ಹಾಕುವುದಿಲ್ಲ ಎಂದು ಎರಡನೇ ಹೆಜ್ಜೆಯಲ್ಲೇ ತೀರ್ಮಾನಿಸಿದವರಿಗೆ 5,000ದ ಆಯ್ಕೆ ಒಳ್ಳೆಯದು. 15,000ಕ್ಕೆ ಹೋಗುವುದು ಪಿಂಚಣಿದಾರರಿಗೆ ಬೇಡ. ಹೆಚ್ಚಿಗೆ ಉಳಿಯುವುದು ಗರಿಷ್ಠ ಸಾವಿರ, ಮೇಲೆ ಬೀಳುವ ಹೊಣೆ ಹತ್ತು ಸಾವಿರ. ಮಾನ್ಯತೆ ಪಡೆದ ಕಳವು ತಡೆ ಸಾಧನಕ್ಕೆ ಶೇ 2.5, ಗರಿಷ್ಠ 500 ರೂಪಾಯಿ ರಿಯಾಯಿತಿಯಿತ್ತು. ಆಟೊಮೊಬೈಲ್ ಸಂಘದ ಸದಸ್ಯತ್ವಕ್ಕೆ ಗರಿಷ್ಠ 200. ಅದಕ್ಕಾಗಿಯೇ ಸದಸ್ಯರಾಗುವವರು ಯಾರೂ ಇರಲಾರರು.

ಐಡಿವಿಯನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಏಜೆಂಟರಿದ್ದಾರೆ. ಕಾರು ಕಳವಾದರೆ ಕೈಗೆ ಬರುವ ಹಣವೇ ಅದು. ಎರಡು ಕಂಪನಿಗಳ ದರವನ್ನು ಹೋಲಿಸುವಾಗ ಐಡಿವಿ ಎರಡರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ವಿಳಾಸ ಬದಲಿಸಿದರೆ ಲಾಭವುಂಟೇ?

ನಗರ ಬಿಟ್ಟು ಹೊರಗೆ ಬಂದವರೆಲ್ಲ ಕೇಳುವ ಪ್ರಶ್ನೆಯಿದು. ಹಳೆಯ ಪಟ್ಟಿ ಬೆಂಗಳೂರನ್ನು ಇತರ ಏಳು ಮಹಾನಗರಗಳ ಜೊತೆ 'ಎ' ವಲಯದಲ್ಲಿಟ್ಟು, ಮೈಸೂರು, ತುಮಕೂರು ಸೇರಿದಂತೆ ಉಳಿದೆಲ್ಲವನ್ನು 'ಬಿ' ವಲಯಕ್ಕೆ ಹಾಕಿತ್ತು. ವಲಯ ತೀರ್ಮಾನವಾಗುವುದು ಕಾರು ನೋಂದಣಿಯಾದ ಜಾಗದಿಂದ, ಆದ್ದರಿಂದ ಜಯನಗರದ ಕೆಎ 05 ಇರಲಿ, ಯಲಹಂಕದ ಕೆಎ 50 ಇರಲಿ, ವಲಯ ಒಂದೇ. ಮೈಸೂರಿನದೇ ಆಗಿದ್ದರೂ ನನ್ನ ಕಾರಿಗೆ ದರ ಶೇ 3.351, ರಿಯಾಯಿತಿ, ಬೋನಸ್ ಎಲ್ಲ ಕಳೆದ ಮೇಲೆ ಉಳಿತಾಯವಾಗುವುದು 96 ರೂಪಾಯಿ. ಇದಕ್ಕಾಗಿ ಆರ್‌ಟಿಒ ಮೆಟ್ಟಿಲು ಹತ್ತುವುದು ಬೇಡ.

ತೀರಾ ಹಳೆಯ ಕಾರಿದ್ದರೆ

ಹದಿನಾಲ್ಕು ವರ್ಷದ ಕಾರು, ಮಾರಿದರೆ ಎಂಬತ್ತು ಸಾವಿರ ಬಂದರೆ ಹೆಚ್ಚು ಎನ್ನುವವರು ಥರ್ಡ್ ಪಾರ್ಟಿ ಮಾತ್ರ ಇಟ್ಟುಕೊಳ್ಳಬಹುದು. 1200 ಸಿಸಿ ಕಾರಿಗೆ ಜಿಎಸ್‌ಟಿ ಸೇರಿ 4,031 ರೂಪಾಯಿ. ಕಳವಾದರೂ ಸುಟ್ಟರೂ ಒಂದು ಪೈಸೆ ಬಾರದು ಎಂಬುದನ್ನು ಒಪ್ಪಿಕೊಂಡೇ ಈ ತೀರ್ಮಾನಕ್ಕೆ ಬನ್ನಿ.

ಹೆಜ್ಜೆ 7: ನವೀಕರಣದ ದಿನಗಳು

ಮುಗಿಯುವ ತಿಂಗಳೊಪ್ಪತ್ತಿನ ಮೊದಲೇ ಮೂರು ಕಡೆ ದರ ಕೇಳಿ: ಈಗಿರುವ ಕಂಪನಿ, ಒಂದು ಸರ್ಕಾರಿ ಕಂಪನಿ, ಒಂದು ಆನ್‌ಲೈನ್ ಕಂಪನಿ. ಮೂವರಿಗೂ ಅದೇ ಐಡಿವಿ, ಅದೇ ಹೆಚ್ಚುವರಿ ರಕ್ಷಣೆಗಳು, ಅದೇ ಸ್ವಂತ ಪಾಲು ಕೊಡಿ. ಕಡಿಮೆ ಬಂದದ್ದನ್ನು ಹಳೆಯ ಕಂಪನಿಗೆ ತೋರಿಸಿದರೆ ಅವರೂ ಇಳಿಸುವುದು ನಾನು ಕಂಡ ಸಂಗತಿ. "ಇವತ್ತು ರಾತ್ರಿ ಪಾಲಿಸಿ ಮುಗಿಯುತ್ತದೆ, ಈ ಲಿಂಕ್ ಒತ್ತಿ ಅಂಕಲ್" ಎಂದು ಬರುವ ಕರೆಗಳಿಗೆ ಹಣ ಕಳಿಸಬೇಡಿ. ಕಂಪನಿಯ ಶಾಖೆಗೆ ಹೋಗಿ ಅಥವಾ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಕಟ್ಟಿ, ಮುಂದಿನ ದಿನಗಳಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ದಿನಾಂಕ ಕಾಣುತ್ತದೆಯೇ ನೋಡಿ. ಬೋನಸ್ಸಿನ ಬಗ್ಗೆ ಸುಳ್ಳು ಹೇಳಬೇಡಿ. ಹಳೆಯ ಕಂಪನಿಯಿಂದ ಖಚಿತಪಡಿಸಿಕೊಳ್ಳುತ್ತಾರೆ, ಕ್ಲೇಮಿನ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ಹೊಸ ಪಾಲಿಸಿ ಬಂದ ದಿನ ಕನ್ನಡಕ ಹಾಕಿಕೊಂಡು ಆರ್‌ಸಿಯನ್ನು ಪಕ್ಕದಲ್ಲಿಟ್ಟು ಹೆಸರು, ಇಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬೋನಸ್ಸಿನ ಪ್ರಮಾಣ, ನಾಮಿನಿಯ ಹೆಸರು ಸರಿಯಿವೆಯೇ ಎಂದು ಬೆರಳಿಟ್ಟು ಓದಿ. ತಪ್ಪಿದ್ದರೆ ಆ ವಾರದಲ್ಲೇ ತಿದ್ದಿಸಿ. ಕಂಪನಿ ಕಿವಿಗೊಡದಿದ್ದರೆ ಅವರ ದೂರು ವಿಭಾಗಕ್ಕೆ ಬರೆದು, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿಯೇ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸಿ ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿ ಇದೆ. ವಕೀಲರ ಅಗತ್ಯವಿಲ್ಲ, ಶುಲ್ಕವೂ ಇಲ್ಲ.